ಮುಚ್ಚಲಾಗಿದೆ

ರಸ್ತೆ ಇಲಾಖೆಯ ಎಂಜಿನಿಯರ್ ಸಾಹೇಬರಿಗೆ,

ನನ್ನ ಕ್ಷೌರದಂಗಡಿಯ ಎದುರಿನ ಗುಂಡಿಯ ಬಗ್ಗೆ ಕೊಟ್ಟ ದೂರಿಗೆ ನಿಮ್ಮಿಂದ ಒಂದೇ ಪದದ ಉತ್ತರ ಬಂತು: ‘ಮುಚ್ಚಲಾಗಿದೆ’. ನೀವು ಮುಚ್ಚಿದ್ದು ದೂರಿನ ಕಡತವನ್ನು. ಮಳೆಗೆ ಎರಡು ದಿನ ಅಂಗಡಿ ತೆರೆಯದೆ ಮನೆಯಲ್ಲಿದ್ದ ನಾವು, ಗುಂಡಿಯನ್ನೇ ಮುಚ್ಚಿದಿರಿ ಅಂತ ಪೆದ್ದರ ಹಾಗೆ ಓದಿಕೊಂಡೆವು.

ಅದನ್ನು ನಂಬಿ ನನ್ನ ಹೆಂಡತಿ ನಿನ್ನೆ ಸುತ್ತುದಾರಿ ಬಿಟ್ಟು ಈ ರಸ್ತೆಯಲ್ಲೇ ಸೈಕಲ್ ತುಳಿದಳು. ನೀರು ತುಂಬಿದ ಗುಂಡಿ ಕಾಣದೆ ಮುಗ್ಗರಿಸಿ ಬಿದ್ದಳು. ಹಿಂದೆ ಬರುತ್ತಿದ್ದ ಲಾರಿ ಅವಳ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ನನ್ನ ಸಂಸಾರ ಉಳಿದದ್ದು ಆ ಡ್ರೈವರಣ್ಣನ ಬ್ರೇಕಿನಿಂದ.

ಮೊಣಕಾಲು ತರಚಿದೆ, ಅಷ್ಟೇ. ಎದ್ದವಳೇ, “ಏನ್ರೀ, ಸರ್ಕಾರ ನಿಮ್ಮ ಮಾತು ಕೇಳ್ತು ಅಂತ ಬೀಗ್ತಿದ್ರಲ್ಲ, ಬಂದು ಸೈಕಲ್ ಎತ್ತಿ!” ಅಂದಳು. ಬೈಸಿಕೊಂಡು ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಈಗ ಆ ಗುಂಡಿಯಲ್ಲಿ ನನ್ನ ಅಂಗಡಿಯ ಕೆಂಪು ಬೆಂಚು ನಿಲ್ಲಿಸಿದ್ದೇನೆ. ಅದಕ್ಕೆ ನೋಟಿಸು ಕಳಿಸುವ ಬದಲು ಜಲ್ಲಿ, ಡಾಂಬರು ಕಳಿಸಿ. ಅಲ್ಲಿಯವರೆಗೆ ನನ್ನ ಗಿರಾಕಿಗಳು ನಿಂತೇ ಕಾಯುತ್ತಾರೆ, ಎಲ್ಲರೂ ಒಪ್ಪಿದ್ದಾರೆ. ಸೋಮವಾರ ಅವಳು ಮತ್ತೆ ಸೈಕಲ್ ಹತ್ತುತ್ತಾಳೆ.

ಉತ್ತರ ಬರೆಯುವುದಾದರೆ ಏನನ್ನು ಮುಚ್ಚಿದಿರಿ ಅಂತಲೂ ಬರೆಯಿರಿ.

ಇಂತಿ,
ಬೆಂಚಿನ ಮಾಲೀಕ