ಕುದಿಸಿದ ತತ್ತಿ

ಬಾಗಲಗುಂಟೆ
ಬುಧವಾರ, 12 ಜೂನ್ 2024

ಮಗನೇ ಅಮರಪ್ಪ, ನಿನ್ನ ಅವ್ವನ ತುಂಬು ಆಶೀರ್ವಾದ.

ಕಾರವಾರದ ಮಳೆಗೆ ನಿನ್ನ ಮೊಣಕಾಲು ನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಚಹಾ ಕುಡಿದೇ ವೆಲ್ಡಿಂಗ್ ಮಾಡುತ್ತೀಯೋ? ನಿನ್ನ ಮಗಳು ಧನಲಕ್ಷ್ಮಿ ಐದು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದಳು. ಜ್ವರ, ಭೇದಿ ನಿಂತಿವೆ. ಕೂಸು ಹುಷಾರಾಯಿತು, ಈಗ ನನ್ನ ತಲೆ ಕೆಟ್ಟಿದೆ. ಹಗಲು ನೀನು ಕೆಲಸದಲ್ಲಿ ಫೋನ್ ಎತ್ತುವುದಿಲ್ಲ, ರಾತ್ರಿ ಹೇಳೋಣವೆಂದರೆ ಇರುವುದು ಒಂದೇ ಕೋಣೆ, ನಿನ್ನ ಹೆಂಡತಿ ಸವಿತಾಳ ಕಿವಿಗೆ ಬೀಳದ ಮಾತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವಳು ನಾಗಸಂದ್ರದ ಲ್ಯಾಬಿನಲ್ಲಿ ಫಾರಂ ಕೋಳಿಗಳ ಹಿಕ್ಕೆ ಪರೀಕ್ಷೆ ಮಾಡುವುದು ನಿನಗೆ ಗೊತ್ತೇ ಇದೆ. ಕೂಸಿನ ಹೊಟ್ಟೆಯಲ್ಲಿರುವುದು ಕೋಳಿಯಿಂದ ಬರುವ ಬ್ಯಾಕ್ಟೀರಿಯಾ ಎಂದು ಡಾಕ್ಟರು ಹೇಳಿದ್ದೇ ತಡ, ಹತ್ತಿ ಸುತ್ತಿದ ಕಡ್ಡಿ ಹಿಡಿದು ತಾರಸಿಯಲ್ಲಿ ನನ್ನ ನಾಲ್ಕು ನಾಟಿ ಕೋಳಿಗಳ ಹಿಂದೆ ಓಡಾಡಿದಳು! ಪಂಜರದಲ್ಲಿ ಒತ್ತೊತ್ತಾಗಿ ತುಂಬಿದ ಕೋಳಿಗೆ ಬರಲಿ, ಹೊಟ್ಟು ಹರವಿದ ಶೆಡ್ಡಿನಲ್ಲಿ ಸಾವಿರಗಟ್ಟಲೆ ಬಿಟ್ಟ ಕೋಳಿಗೂ ಬರಲಿ. ಬಿಸಿಲಲ್ಲಿ ಅಡ್ಡಾಡಿ ನನ್ನ ಕೈಯ ಜೋಳ ತಿನ್ನುವ ಕೋಳಿಗೆ ಎಲ್ಲಿಂದ ಬರಬೇಕು? “ಹೆಂಗ ಸಾಕಿದ್ರೂ ಬರ್ತೈತ್ರಿ ಅತ್ತಿ. ಕೋಳಿ ಗಟ್ಟಿಮುಟ್ಟ ಇದ್ರೂ ಒಳಗ ಇರ್ತೈತಿ,” ಎನ್ನುತ್ತಾಳೆ. ನಾಲ್ಕರಲ್ಲೂ ಇದೆ ಎಂದು ಚೀಟಿ ಬೇರೆ ತಂದಳು. ಕೆಳಗಿಳಿದು ಪಕ್ಕದ ವರ್ಕ್‌ಶಾಪಿನ ಮೋರಿ ಕೆದಕುತ್ತವಂತೆ, ಅಲ್ಲಿಂದಲೇ ಬಂದಿರಬೇಕಂತೆ. ಕೋಳಿ ಕೆದಕದೆ ಪೂಜೆ ಮಾಡುತ್ತದೆಯೇ?

“ಕೂಸಿಗೆ ತತ್ತಿ ಕುದಿಸೇ ಕೊಟ್ಟೀರಿಲ್ರಿ?” ಎಂದು ನನ್ನನ್ನೇ ಕೇಳಿದಳು. ಸಿಟ್ಟು ನೆತ್ತಿಗೇರಿತು. “ಕುದಿಸೇ ಕೊಟ್ಟೇನಿ. ದಿನಾ ಹಿಕ್ಕಿ ಮುಟ್ಟಿದ ಕೈಲೆ ಕೂಸಿನ್ನ ಎತ್ಕೊಂತಿ, ನೀನ ತಂದಿ ರೋಗ,” ಎಂದುಬಿಟ್ಟೆ. ಅವಳು ಜಗಳಕ್ಕೇ ಬರಲಿಲ್ಲ, ನಂಬಿಬಿಟ್ಟಳು. ಮೂರು ಸಲ ಸೋಪು ಹಚ್ಚಿ ಕೈ ತೊಳೆದರೂ ಮಗಳನ್ನು ಮುಟ್ಟುವುದಿಲ್ಲ. ಕೂಸು ಕೈ ಚಾಚಿದರೆ ಗೋಡೆಯ ಕಡೆ ತಿರುಗುತ್ತಾಳೆ. ಸೋಮವಾರ ಕೆಲಸ ಬಿಡುತ್ತಾಳಂತೆ. ನಾನೇ ಹುಡುಕಿ ತಂದ ಸೊಸೆ, ಯಾರನ್ನು ಬಯ್ಯಲಿ?

ನೀನು ಮೈ ಕಡೆ ನೋಡಿಕೋ, ಮಳೆಯಲ್ಲಿ ನೆನೆಯಬೇಡ.

ನಿನ್ನ ಅವ್ವ,
ಶೇಖವ್ವ

ತಾ.ಕ.: ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು. ನಾನು ಕುದಿಸಿರಲಿಲ್ಲ. ಸವಿತಾ ಕೆಲಸಕ್ಕೆ ಹೋದ ಮೇಲೆ, ಸಣ್ಣವನಿದ್ದಾಗ ನಿನಗೆ ಕುಡಿಸುತ್ತಿದ್ದ ಹಾಗೆಯೇ, ಆಗತಾನೇ ಇಟ್ಟ ತತ್ತಿಯ ತುದಿ ಒಡೆದು ಕೂಸಿಗೆ ಹಸಿಯಾಗಿಯೇ ಕುಡಿಸುತ್ತಿದ್ದೆ. ಶಕ್ತಿ ಬರಲಿ ಎಂದು. ಡಾಕ್ಟರಿಗೂ ಸುಳ್ಳು ಹೇಳಿದೆ. ನಿನಗೆ ಬರೆದ ಮೇಲೆ ಸ್ವಲ್ಪ ಧೈರ್ಯ ಬಂದಿದೆ, ಇವತ್ತು ಅವಳು ಮನೆಗೆ ಬಂದ ಕೂಡಲೇ ಹೇಳಿಬಿಡುತ್ತೇನೆ. ಅವಳು ಫೋನಿನಲ್ಲಿ ಅತ್ತರೆ ಪೂರ್ತಿ ಕೇಳು. ನನ್ನ ಪರವಾಗಿ ಒಂದು ಮಾತೂ ಆಡಬೇಡ.