ಅಚ್ಚಿನಲ್ಲಿ ಬಿಟ್ಟಿದ್ದ ಎಳೆ

ಗುಗೈ, ಸೇಲಂ
೧೪ ಆಗಸ್ಟ್ ೨೦೨೪, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಸೊಸೆ ವಾಣಿಶ್ರೀ ನಿಮ್ಮ ಕಾಲು ಮುಟ್ಟಿ ಬರೆಯುತ್ತಿರುವುದು. ಕಣ್ಣು ಹೇಗಿದೆ? ಉರಿ, ನೀರು ಸೋರುವುದು ನಿಂತಿದೆಯೇ? ಹನಿಮದ್ದನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳಿ. ಕಡಯಂಪಟ್ಟಿಯಲ್ಲಿ ಶಿವಲಕ್ಷ್ಮಿ ಅಕ್ಕ ನಿಮ್ಮನ್ನು ಒಲೆಯ ಹತ್ತಿರ ಬಿಡುತ್ತಿಲ್ಲವಂತೆ, ಅದಕ್ಕೆ ನೀವು ಮುನಿಸಿಕೊಂಡಿದ್ದೀರಂತೆ. ಮಗಳ ಮನೆಯಲ್ಲಾದರೂ ನಾಲ್ಕು ದಿನ ಸುಮ್ಮನೆ ಕೂತಿರಿ. ಆಪರೇಷನ್ ಆಗಿ ಮೂರು ವಾರವಾಯಿತು, ಇನ್ನು ಓದಬಹುದು ಎಂದು ಡಾಕ್ಟರು ಮೊನ್ನೆ ಹೇಳಿದರೆಂದು ಗೊತ್ತಾಯಿತು. ನಾನು ಅದಕ್ಕೇ ಕಾದಿದ್ದೆ. ನಮ್ಮ ಮನೆಯಲ್ಲಿ ಎಲ್ಲರ ಮಾತು ಕನ್ನಡವಾದರೂ ಅಕ್ಷರ ತಮಿಳು. ಕನ್ನಡ ಓದುವವರು ನಿಮ್ಮ ಅಪ್ಪನ ಹತ್ತಿರ ಕಲಿತ ನೀವು, ಹೊಸೂರಿನ ಅಜ್ಜಿ ಮನೆಯಲ್ಲಿದ್ದು ಐದನೇ ಕ್ಲಾಸು ಓದಿದ ನಾನು, ಇಬ್ಬರೇ. ಈ ಕಾಗದವನ್ನು ಬೇರೆ ಯಾರೂ ಓದಲಾರರು ಎಂಬ ಧೈರ್ಯದಿಂದಲೇ ಬರೆಯಲು ಕೂತಿದ್ದೇನೆ. ಅದೂ ಒಂದು ಹೇಡಿತನವೇ, ಗೊತ್ತು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನೆ ಹುರುಳಿ ಬೇಯಿಸಿದ ಕಟ್ಟಿನಲ್ಲಿ ಸಾರು ಮಾಡಿ, ಕಾಳಿಗೆ ನುಗ್ಗೆಸೊಪ್ಪು ಸೇರಿಸಿ ಪಲ್ಯ ಮಾಡಿದೆ. ನಿಮ್ಮ ಮಗ ಮುದ್ದೆ ಮುರಿಯುತ್ತಾ ಎಂದಿನಂತೆ “ಚೆನ್ನಾಗೈತೆ, ಆದ್ರೆ ಅಮ್ಮನ್ ಕೈದೇ ಬ್ಯಾರೆ” ಎಂದರು. ಹೀರೆಕಾಯಿ ಸಿಪ್ಪೆ ಚಟ್ನಿಯಾಯಿತು, ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ ಹೋಯಿತು. ನಾನು ಏನನ್ನೂ ಎಸೆಯುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಹಳೆಯ ಲುಂಗಿಯಲ್ಲಿ ಸಂತೆ ಚೀಲ ಹೊಲಿದ ದಿನ ನೀವು “ನಿನ್ ಕೈಗೆ ಸಿಕ್ಕುದ್ರೆ ನನ್ನೂ ಬಿಡಕಿಲ್ಲ, ಒಗ್ದು ಚೀಲ ಒಲ್ದುಬುಡ್ತೀಯ” ಎಂದು ನಕ್ಕಿದ್ದಿರಿ. ನಿಮ್ಮ ಆ ನಗುವನ್ನು ನಾನು ಮೆಚ್ಚುಗೆ ಎಂದುಕೊಂಡೆ. ಈ ಸಣ್ಣಪುಟ್ಟ ಅಡುಗೆ, ಕಸದಲ್ಲಿ ಮಾಡುವ ಕೆಲಸ, ಎಲ್ಲವನ್ನೂ ಫೋನಿನಲ್ಲಿ ವೀಡಿಯೋ ಮಾಡಿ ಹಾಕುತ್ತಿದ್ದೆನಲ್ಲ, ಪ್ಲಾಸ್ಟಿಕ್ ಬೇಡ, ಭೂಮಿ ಉಳಿಸಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆನಲ್ಲ, ಅದರ ಸೊಕ್ಕು ನನಗೇ ತಿಳಿಯದೆ ತಲೆಗೆ ಏರಿತ್ತು.

ನಿಜ ಹೇಳಬೇಕೆಂದರೆ ನನಗೆ ನಿಮ್ಮ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ನೀವು ಒಂದು ಸೀರೆ ಮುಗಿಸಿದಾಗ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಯಾರಿಗೂ ತೋರಿಸದೆ, ಕೈಯಲ್ಲಿ ಸವರುತ್ತಾ ಕೂರುತ್ತೀರಿ. ತಾನೇ ಮಾಡಿದ್ದು ಎಂಬ ಆ ಸುಖ ನನಗೂ ಬೇಕಿತ್ತು. ನಮ್ಮ ತಾತನ ಕಾಲಕ್ಕೇ ನಮ್ಮವರು ಮಗ್ಗ ಬಿಟ್ಟು ಮೊರಪ್ಪೂರು ಸ್ಟೇಷನ್ ಎದುರು ಟೀ ಅಂಗಡಿ ಹಾಕಿಕೊಂಡವರು. ನಾನು ಈ ಮನೆಗೆ ಬಂದ ಹದಿನಾಲ್ಕು ತಿಂಗಳಲ್ಲಿ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ್ದ ಎಳೆಗಳು ಒಂದೇ ಪಾವಿನವು. ಕಣ್ಣು ಮಂಜಾದ್ದರಿಂದ ನೀವು ನಿಧಾನವಾಗಿ ನೇಯುತ್ತಿದ್ದಿರಿ. ಒಂದು ಪಾವು ಮುಗಿದು ಇನ್ನೊಂದನ್ನು ಮಗ್ಗಕ್ಕೆ ಹೇಗೆ ಏರಿಸುತ್ತಾರೆಂದು ನಾನು ನೋಡಲೇ ಇಲ್ಲ. ಕೇಳಬಹುದಿತ್ತು. ಬಟ್ಟೆ ಒಗೆಯುವ ಸೀಗೆಪುಡಿಯ ಅಳತೆಯನ್ನು ನಾಲ್ಕು ಜನರಿಗೆ ಫೋನ್ ಮಾಡಿ ಕೇಳಿದವಳು ಪಕ್ಕದ ಕೋಣೆಯ ಮಗ್ಗದ ಬಗ್ಗೆ ನಿಮ್ಮನ್ನು ಒಂದು ಮಾತು ಕೇಳಲಿಲ್ಲ.

ಈಗ ಹೇಳಿಬಿಡುತ್ತೇನೆ. ನೀವು ಕೊನೆಯ ಸೀರೆಯನ್ನು ಮಗ್ಗದಿಂದ ಕೊಯ್ದು ಆಸ್ಪತ್ರೆಗೆ ಹೊರಟಿರಿ. ಒಂದು ವಾರದ ಮೇಲೆ ಮಗ್ಗದ ಧೂಳು ಹೊಡೆಯಲು ಹೋದೆ. ಬಾಚಣಿಗೆಯಂಥ ಅಚ್ಚಿನ ಹಲ್ಲುಗಳಲ್ಲಿ ಮೊಳದುದ್ದದ ಎಳೆಗಳು, ಕುಂಕುಮದ ಬಣ್ಣ, ಅಂಚಿನಲ್ಲಿ ಗಿಳಿಹಸಿರು, ಗೊಂಚಲು ಗೊಂಚಲಾಗಿ ಗಂಟು ಹಾಕಿ ನೇತಾಡುತ್ತಿದ್ದವು. ನೇಯ್ದು ಮಿಕ್ಕಿದ ಕಸ ಎಂದುಕೊಂಡೆ. ಕತ್ತರಿ ತಂದೆ. ಎಲ್ಲವನ್ನೂ ಅಚ್ಚಿನಿಂದ ಎಳೆದು ತೆಗೆದೆ. ಬರಲೊಲ್ಲದ ಕಡೆ ಅಚ್ಚನ್ನು ಮೊಣಕಾಲಿನಿಂದ ಒತ್ತಿಕೊಂಡು ಎಳೆದೆ. ಒಂದು ಮಧ್ಯಾಹ್ನ ಕೂತು ಅದನ್ನು ಜಡೆ ಹೆಣೆದು ನೆಲುವು ಮಾಡಿದೆ. ತೆಂಗಿನ ಚಿಪ್ಪಿನಲ್ಲಿ ಕೊತ್ತಂಬರಿ ಬಿತ್ತಿ ಅದರಲ್ಲಿ ತೂಗುಹಾಕಿದೆ. ವೀಡಿಯೋ ಹಾಕಿದೆ. ನಾಲ್ಕು ಸಾವಿರ ಜನ ನೋಡಿ ಹೊಗಳಿದರು, ಅತ್ತೆ. ಆ ಹಿಗ್ಗಿಗೆ ನಾನು ಅಂದು ರಾತ್ರಿ ಎರಡು ಸಲ ಊಟ ಮಾಡಿದೆ.

ಎದುರುಮನೆ ಸಿದ್ದಲಕ್ಷ್ಮಮ್ಮ ಮಜ್ಜಿಗೆಗೆ ಬಂದವರು ನೆಲುವನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. “ಎಲ್ಲಿದವ್ವಾ ಈ ನೂಲು?” ಎಂದರು. ಅಚ್ಚಿನಲ್ಲಿ ಮಿಕ್ಕಿತ್ತು ಅಜ್ಜಿ, ವೇಸ್ಟು ಎಂದೆ. “ಮಿಕ್ಕಿದ್ದಲ್ಲ ಕಣೇ, ಬುಟ್ಟಿದ್ದು. ಒಸ ಪಾವು ಬಂದು ಇಡ್ಕೊಳ್ಳಾಕೆ ಅದೇ ಕೈ” ಎಂದು ಅಲ್ಲೇ ಕೂತು ಬಿಡಿಸಿ ಹೇಳಿದರು. ಹಳೆಯ ಪಾವಿನ ತುದಿಯನ್ನು ಅಚ್ಚಿನಲ್ಲೇ ಉಳಿಸಿ, ಹೊಸ ಪಾವಿನ ಒಂದೊಂದು ಎಳೆಯನ್ನೂ ಅದರ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆಂದು ಆಗ ತಿಳಿಯಿತು. ಮೊದಲ ಸಲ ಆ ಎಳೆಗಳನ್ನು ಸಾಲಾಗಿ ಪೋಣಿಸಿದ್ದು ಮಾವ, ನಿಮ್ಮ ಮಗ ಹುಟ್ಟಿದ ವರ್ಷ. ಅಂಚಿನ ಆ ಸಾಲು ಬೇರೆ ಯಾವ ಮಗ್ಗದಲ್ಲೂ ಇರಲಿಲ್ಲವಂತೆ. ಮೂವತ್ತೊಂದು ವರ್ಷ ಪಾವಿಗೆ ಪಾವು ಸೇರಿಸುತ್ತಾ, ಮಾವ ಹೋದ ಮೇಲೂ ನೀವು ಅದನ್ನು ಕಡಿಯದಂತೆ ಉಳಿಸಿಕೊಂಡು ಬಂದಿದ್ದಿರಿ. ಭೂಮಿ ಉಳಿಸುತ್ತೇನೆಂದು ಹೊರಟ ನಾನು ಮನೆಯಲ್ಲಿ ಮಾವನ ಕೈಯದೆಂದು ಉಳಿದಿದ್ದ ಒಂದೇ ಒಂದು ವಸ್ತುವನ್ನು ಕತ್ತರಿಸಿ ಗಿಡ ತೂಗುಹಾಕಿದೆ.

ನೆಲುವನ್ನು ಆ ಸಂಜೆಯೇ ಬಿಚ್ಚಿದೆ. ಬಿಚ್ಚಿದರೆ ನೂಲು ಬಂತು, ಸಾಲು ಬರಲಿಲ್ಲ. ವೀಡಿಯೋ ಅಳಿಸಿದೆ. ನಿಮ್ಮ ಮಗನ ಮುಂದೆ ಎಲ್ಲ ಹೇಳಿ ಕಣ್ಣೀರಿಟ್ಟೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಇಲಿ ಕಡಿದೈತೆ ಅಂತ ಏಳ್ತೀನಿ, ಕಣ್ಣು ಆಪ್ರೇಷನ್ ಆಗಿರೋರ್ಗೆ ಬ್ಯಾರೆ ಏನೇಳೋದು” ಎಂದರು. ನಾನು ಬೇಡ ಎನ್ನಲಿಲ್ಲ. ಆ ಸುಳ್ಳು ಕೇಳಿ ನನಗೆ ಉಸಿರು ಬಂದಂತಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಅವರು ನಿಮಗೆ ಹಾಗೇ ಹೇಳಿದರು. ಆದರೆ ಹೊರಡುವ ದಿನ ಎಳೆಗೆ ಸವರಿ ಮಿಕ್ಕಿದ ಗಂಜಿಯ ಚೊಂಬನ್ನು ನೀವು ಮಗ್ಗದ ಕೆಳಗೆ ಮರೆತಿದ್ದಿರಿ. ಇಲಿ ಬಂದದ್ದು ಆ ಗಂಜಿಗೆ, ತಪ್ಪೆಲ್ಲ ನಿಮ್ಮದೇ ಎಂದು ನೀವು ತೀರ್ಮಾನಿಸಿದಿರಿ. ಊಟ ಬಿಟ್ಟಿರಿ. ಅಳಬಾರದ ಕಣ್ಣಿನಲ್ಲಿ ಅತ್ತಿರಿ. “ಇನ್ನು ಮಗ್ಗ ಮುಟ್ಟಾಕಿಲ್ಲ, ಬಿಚ್ಚಿ ಸೌದೆ ಅಂಗಡಿಗೆ ಆಕ್ಬುಡು ಗಿರಿ” ಎಂದು ಮಗನಿಗೆ ಹೇಳಿದಿರಿ. ಸೌದೆ ಅಂಗಡಿಯವನು ಸೋಮವಾರ ಬರುತ್ತಾನೆ. ಅತ್ತೆ, ಗಂಜಿಯ ಚೊಂಬು ನೀವು ಇಟ್ಟ ಹಾಗೆಯೇ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. ಇಲಿ ಬಂದೇ ಇಲ್ಲ. ನೀವು ಏನನ್ನೂ ಹಾಳು ಮಾಡಿಲ್ಲ. ಹಾಳು ಮಾಡಿದವಳು ನಾನು.

ಮಾವನ ಗೆಳೆಯ ಅಣ್ಣಯ್ಯಪ್ಪನವರನ್ನು ಕೇಳಿದೆ. ಅಚ್ಚು ಬಾಗಿದೆ, ಆದರೆ ಮುರಿದಿಲ್ಲ, ಸರಿಮಾಡಬಹುದು ಎಂದರು. ಮೂರು ಸಾವಿರಕ್ಕೂ ಮಿಕ್ಕ ಎಳೆಗಳನ್ನು ಹೊಸದಾಗಿ ಪೋಣಿಸಲು ಇಬ್ಬರು ಬೇಕಂತೆ, ಹಿಂದೆ ಕೂತು ಎಳೆ ಕೊಡುವವರೊಬ್ಬರು, ಮುಂದೆ ಕೂತು ಎಳೆದುಕೊಳ್ಳುವವರೊಬ್ಬರು. ಮೈಯ ಭಾಗ ಅವರಿಗೆ ಬರುತ್ತದೆ. ಅಂಚಿನ ಸಾಲು ಮಾತ್ರ “ನಿಮ್ಮತ್ತೆ ಬೆರಳ್ಗೇ ಗೊತ್ತು, ಬ್ಯಾರೆ ಯಾರ್ಗೂ ಗೊತ್ತಿಲ್ಲ” ಎಂದರು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಮಗ್ಗವನ್ನು ಸೌದೆಗೆ ಹಾಕಬೇಡಿ. ನಿಮ್ಮ ಕಣ್ಣು ಗಟ್ಟಿಯಾದ ಮೇಲೆ ನೀವು ಮುಂದೆ ಕೂತುಕೊಳ್ಳಿ, ನಾನು ಹಿಂದೆ ಕೂತು ಎಳೆ ಕೊಡುತ್ತೇನೆ. ಮಾತನಾಡಿಸದಿದ್ದರೂ ಸರಿ, ಕೊಡುತ್ತೇನೆ.

ಅಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಕಣ್ಣು ಉಜ್ಜಬೇಡಿ. ಈ ಕಾಗದವನ್ನು ಒಂದೇ ಸಲಕ್ಕೆ ಓದಿ ಕಣ್ಣು ದಣಿಸಿಕೊಳ್ಳಬೇಡಿ.

ನಿಮ್ಮ ಮುಂದೆ ತಲೆ ಎತ್ತಲಾರದ ಸೊಸೆ,
ವಾಣಿಶ್ರೀ

ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು: ಕಳೆದ ಶುಕ್ರವಾರ ಫೋನಿನಲ್ಲಿ ನೀವು ಆ ಗಂಜಿಯ ಚೊಂಬಿನ ವಿಷಯಕ್ಕೆ “ತಪ್ಪಾಯ್ತು ಕಣವ್ವಾ ವಾಣಿ, ಮನ್ಸಲ್ಲಿ ಇಟ್ಕಬ್ಯಾಡ” ಎಂದು ನನ್ನ ಹತ್ತಿರ ಕ್ಷಮೆ ಕೇಳಿದಿರಿ. ನಾನು “ಓಗ್ಲಿ ಬುಡಿ ಅತ್ತೆ, ಯಾರ್ಗಾದ್ರೂ ಆಗೋದೇ” ಎಂದೆ. ನಿಮ್ಮನ್ನು ನಾನು ಕ್ಷಮಿಸಿದೆ. ಅಲ್ಲಿ ಸ್ಪೀಕರ್ ಹಾಕಿತ್ತು, ಎಲ್ಲರೂ ಕೇಳುತ್ತಿದ್ದರು, ಎಂಥ ಒಳ್ಳೆ ಸೊಸೆ ಎಂದು ಅಕ್ಕನ ಅತ್ತೆ ಅಂದದ್ದೂ ನನಗೆ ಕೇಳಿಸಿತು. ನಾನು ಸುಮ್ಮನಿದ್ದೆ. ಇದನ್ನು ಓದಿದ ದಿನ ಅವರೆಲ್ಲರನ್ನೂ ಕೂರಿಸಿಕೊಂಡು ಸ್ಪೀಕರ್ ಹಾಕಿಯೇ ಫೋನ್ ಮಾಡಿ. ನೀವು ಏನೂ ಹೇಳುವುದು ಬೇಡ. ನಾನೇ ಹೇಳುತ್ತೇನೆ.