ಮುಂದಿನ ಗಾಲಿಯ ಕುಂಕುಮ

ಗಾಳಿಯೆಣಿಕೆಯ ತೊಂಬತ್ತನೆಯ ವರ್ಷ,
ಶ್ರಾವಣದ ನಲವತ್ತೊಂದನೆಯ ದಿನ,
ಕಪ್ಪತಗುಡ್ಡದ ಕೆಳಗಿನ ಕೆಂಬೋರೆ.

ಮಹಾನಂದಾ,

ನಿನಗೆ ಮಾತೃಶ್ರೀ ಎಂದು ಬರೆಯಬೇಕೋ ಚಿರಂಜೀವಿ ಎಂದು ಬರೆಯಬೇಕೋ ಎಂದು ಬಹಳ ಯೋಚಿಸಿದೆ. ವಂಶದ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಗೆ ಅಜ್ಜಿ. ಆದರೆ ಈ ಪತ್ರ ತಲುಪುವಾಗ ನಿನಗೆ ಇಪ್ಪತ್ತಾರು ವರ್ಷ, ಬರೆಯುತ್ತಿರುವ ನನಗೆ ಅರವತ್ತೆಂಟು. ಹಾಗಾಗಿ ಹಿರಿಯಳು ನಾನೇ. ಏಕವಚನದಲ್ಲಿ ಬರೆದದ್ದಕ್ಕೆ ಬೇಸರಪಡಬೇಡ. ಮೇಲಿನ ತೇದಿ ನೋಡಿ ಗಾಬರಿಯಾಗುವುದೂ ಬೇಡ. ನಮ್ಮಲ್ಲಿ ಗಾಳಿ ದಿಕ್ಕು ಬದಲಿಸುವ ತನಕ ತಿಂಗಳು ಮುಗಿಯುವುದಿಲ್ಲ, ಈ ಸಲ ಪಡುವಣ ಗಾಳಿ ಹಿಡಿದ ಹಟ ಬಿಟ್ಟಿಲ್ಲ. ಕೆಲವು ಮಾತುಗಳು ನಿನ್ನ ಕಿವಿಗೆ ಹೊಸದೆನಿಸಿದರೆ ಕ್ಷಮಿಸು. ನಾನು ಹತ್ತನೇ ಇಯತ್ತೆವರೆಗೆ ಓದಿದವಳು. ತಿಳಿಯುವಂತೆ ಬರೆಯಲು ಅಷ್ಟು ಸಾಕು.

ಈಗ ಹಿಂದಂಚೆ ಎಂಬ ಅನುಕೂಲ ಬಂದಿದೆ. ಹಿಂದಿನ ಕಾಲಕ್ಕೆ ಮನೆಗೊಂದು ಪತ್ರ ಕಳಿಸಬಹುದು, ಒಂದೇ ಒಂದು. ನಮ್ಮ ಓಣಿಯಲ್ಲಿ ಹೆಚ್ಚಿನವರು ಕ್ಷೇಮಸಮಾಚಾರ ಕೇಳಿ ಅದನ್ನು ಮುಗಿಸಿಕೊಂಡರು. ಉತ್ತರ ಬರುವ ದಾರಿಯಿಲ್ಲ ಎಂಬುದು ಅವರಿಗೆ ಆಮೇಲೆ ಹೊಳೆಯಿತು. ನನಗೆ ಕೆಲಸದ ಮಾತಿದೆ. ನೀನು ಈಚೆಗೆ ಗದಗಿನಿಂದ ತಂದಿರುವ, ಹಳೆಯದೆಂದು ನಿನ್ನ ಗಂಡ ಗೊಣಗುತ್ತಿರುವ, ಆ ಹಸಿರು ಜೀಪಿನ ಮಾತು.

ಅದು ಇನ್ನೂ ಇದೆ. ನಾವು ತಿರುಗಾಡುವುದು ತಾನೋಡಿಗಳಲ್ಲಿ. ತಾನೋಡಿ ಎಂದರೆ ತಾನಾಗಿ ಓಡುವ ಗಾಡಿ, ಒಳಗೆ ಕುಳಿತು ಊರಿನ ಹೆಸರು ಹೇಳಿದರಾಯಿತು. ಡಂಬಳದ ಸಂತೆಗೆ ಹೋಗುವಾಗ ನಮ್ಮ ಹೆಂಗಸರು ಅದರಲ್ಲೇ ಬದನೆಕಾಯಿ ಹೆಚ್ಚುತ್ತಾರೆ, ಶಾವಿಗೆ ಹೊಸೆಯುತ್ತಾರೆ. ಆದರೆ ನುಣ್ಣನೆಯ ದಾರಿ ಮುಗಿದಲ್ಲಿ ತಾನೋಡಿ ನಿಲ್ಲುತ್ತದೆ. ಎಷ್ಟು ಬೈದರೂ ಒಂದು ಮೊಳ ಮುಂದೆ ಹೋಗುವುದಿಲ್ಲ. ಆದ್ದರಿಂದ ಗುಡ್ಡದ ನೆತ್ತಿಗೆ ಗಾಡಿಯಲ್ಲಿ ಹೋದವರು ನಮ್ಮ ಪೀಳಿಗೆಯಲ್ಲಿ ಕಡಿಮೆ. ಇನ್ನೊಂದು ಸಂಗತಿ ನಿನಗೆ ಗೊತ್ತಿರಬೇಕು. ಲೋಹ ಈಗ ಸುಲಭಕ್ಕೆ ಸಿಗುವುದಿಲ್ಲ. ದುಡಿಯದ ಲೋಹ ಕರಗಬೇಕು ಎಂಬುದು ಎಲ್ಲರೂ ಒಪ್ಪಿದ ಕಟ್ಟಳೆ. ಹಳೆಯ ಯಂತ್ರವನ್ನು ಇಟ್ಟುಕೊಳ್ಳಬೇಕೆಂದರೆ ಮನೆಯವರೇ ತಮ್ಮ ಕೈಯಾರೆ ರಿಪೇರಿ ಮಾಡಿ, ಅದರ ಕೆಲಸವನ್ನು ಅದರಿಂದ ಮಾಡಿಸಿ, ತನಿಖೆಗೆ ಬರುವ ಲೋಹದ ಪಂಚರಿಗೆ ತೋರಿಸಬೇಕು. ಜೀಪಿಗೆ ಗೊತ್ತುಮಾಡಿದ ಕೆಲಸ ಗುಡ್ಡ ಹತ್ತುವುದು. ಹತ್ತದಿದ್ದರೆ ಕರಗುಮನೆಗೆ.

ಈ ವರ್ಷ ನಮ್ಮ ಮನೆಯ ಸರದಿ ಬಂತು. ನನ್ನ ಸೊಸೆ ಕಳಕವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೂಗು ಮುರಿದಳು.

"ಕರಗಿಸಿಬಿಡೋಣು ಅತ್ತಿ. ಕೊಡ ಆಗ್ತಾವ, ಬಾಂಡೆ ಆಗ್ತಾವ. ಇದರಾಗ ಈಗ ಇಲಿ ಬಿಟ್ರ ಯಾರ ಕುಂದರ್ತಾರ?"

"ನಾ ಇರೂತನಕ ಇದು ಕರಗೂದಿಲ್ಲ" ಎಂದೆ.

"ಹಂಗಾರ ನಡಸ್ರಿ ಮತ್ತ. ನೋಡೂಣು."

ಸೊಸೆಯ ಎದುರಿಗೆ ಆಡಿದ ಮಾತನ್ನು ನಾನು ಹಿಂದೆ ತೆಗೆದುಕೊಂಡವಳಲ್ಲ. ಸೀರೆ ಎತ್ತಿ ಕಟ್ಟಿದೆ.

ನನ್ನಂಥವರಿಗಾಗಿ ಇಲ್ಲೊಂದು ಎಣ್ಣೆಗೈ ಬಳಗವಿದೆ. ಹಳೆಯ ಗಾಡಿಗಳ ಹುಚ್ಚಿರುವವರು ವಾರಕ್ಕೊಮ್ಮೆ ಯಾರದಾದರೂ ಕೊಟ್ಟಿಗೆಯಲ್ಲಿ ಸೇರುತ್ತಾರೆ. ಅವರದು ಬಾಯ್ನೆರವು. ಅಂದರೆ ಬಾಯಿಂದ ಎಷ್ಟು ಬೇಕಾದರೂ ಹೇಳಬಹುದು, ಆದರೆ ಇನ್ನೊಬ್ಬರ ಗಾಡಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಗಾಡಿ ಮನೆಯವರ ಕೈಯಿಂದ ಎದ್ದಂತಾಗುವುದಿಲ್ಲವಲ್ಲ. ಎಲ್ಲರೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೂರುತ್ತಾರೆ. ತಪ್ಪಿ ಮುಟ್ಟಿದವರು ಬಳಗಕ್ಕೆಲ್ಲ ಮಿರ್ಚಿಭಜಿ ತಿನ್ನಿಸಬೇಕು. ಗಾಳಿಗಿರಣಿಗಳ ರೆಕ್ಕೆ ತೊಳೆದು ನಿವೃತ್ತನಾದ ದ್ಯಾಮಣ್ಣ ಮೊದಲ ವಾರವೇ ತಡೆಯಲಾರದೆ ಸ್ಪ್ಯಾನರಿಗೆ ಕೈ ಹಾಕಿ ಭಜಿ ತಿನ್ನಿಸಿದ. ಬಳಗದ ಹಿರಿಯಳು ಹಜರತಬಿ. ಅವಳ ನಾಲಿಗೆಗೆ ಯಾವ ಕಟ್ಟಳೆಯೂ ಇಲ್ಲ. ನಾನು ಒಂದು ಬೋಲ್ಟನ್ನು ಜೋರಿನಿಂದ ಬಿಗಿಯುತ್ತಿದ್ದಾಗ ಹೇಳಿದಳು:

"ತೋಂಟಕ್ಕಾ, ಸೊಸಿ ಮ್ಯಾಲಿನ ಸಿಟ್ಟು ಆ ಬೋಲ್ಟಿನ ಮ್ಯಾಲ ತೀರಸಬ್ಯಾಡ್ರಿ. ಮುರದ್ರ ಎರಡೂ ಹೋಗ್ತಾವ."

ನನಗೆ ಇಂಥ ಮಾತು ಆಡಿ ಉಳಿದವರು ಕಡಿಮೆ. ಆದರೆ ಬೋಲ್ಟು ನಿಜಕ್ಕೂ ಅಡ್ಡ ಕೂತಿತ್ತು. ಬಿಚ್ಚಿ, ಬೆರಳಿನಿಂದ ಮೊದಲು ಕೂರಿಸಿ, ಆಮೇಲೆ ಬಿಗಿದೆ. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿಗಳು ಸಂಸಾರ ಹೂಡಿದ್ದವು, ಬಿಡಿಸಿ ತೆಗೆದೆ. ಬ್ರೇಕಿನ ನಳಿಗೆಗಳನ್ನು ಬದಲಿಸಿದೆ. ಡೀಸೆಲ್ ಈಗಿಲ್ಲ, ಹೊಂಗೆ ಎಣ್ಣೆ ಹಾಕಿದೆ. ಆದರೂ ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು.

"ಎಣ್ಣಿ ನಳಿಗ್ಯಾಗ ಗಾಳಿ ಹೊಕ್ಕೈತ್ರಿ" ಎಂದ ದ್ಯಾಮಣ್ಣ, ಕಂಕುಳಿನ ಕೈಗಳನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡು. "ಗುಳ್ಳಿ ನಿಲ್ಲೂತನಕ ಆ ಪಂಪ್ ಒತ್ತಕೋತ ಇರ್ರಿ."

ಒತ್ತಿದೆ. ಹೆಬ್ಬೆರಳು ಸೆಟೆದುಕೊಂಡ ಮೇಲೆ ಗುಳ್ಳೆ ನಿಂತಿತು. ಎಂಜಿನ್ ಹತ್ತಿದಾಗ ಕೊಟ್ಟಿಗೆಯಲ್ಲಿ ಹಪ್ಪಳ ಕರಿದಂಥ ವಾಸನೆ ತುಂಬಿತು. ಕಳಕವ್ವ ಒಲೆ ಬಿಟ್ಟು ಓಡಿ ಬಂದಳು. ಸೆರಗಿನಿಂದ ಜೀಪಿನ ಗಾಜು ಒರೆಸಿದಳು. ಮುಂದಿನ ವಾರದಿಂದ ಬಳಗಕ್ಕೆ ಚಹಾ ಮಾಡುವ ನೆಪದಲ್ಲಿ ಅವಳೂ ಕೂರತೊಡಗಿದಳು.

ಆದರೆ ಜೀಪು ಗುಡ್ಡ ಹತ್ತಲಿಲ್ಲ. ಅರ್ಧ ದಾರಿಯಲ್ಲಿ, ಸಡಿಲ ಕಲ್ಲುಮಣ್ಣಿನ ಕೆಂಪು ಗರಸಿನ ತಿರುವಿನಲ್ಲಿ ಹಿಂದಿನ ಗಾಲಿಗಳು ಮಣ್ಣು ಕೆದರುತ್ತಿದ್ದವು, ಮುಂದಿನವು ನೆಂಟರಂತೆ ಸುಮ್ಮನಿದ್ದವು. ನಾಲ್ಕೂ ಗಾಲಿ ಎಳೆಯುವ ಲಿವರನ್ನು ಹಾಕಿಯೇ ಇದ್ದೆ. ಬಳಗ ಹೇಳಿದಂತೆ ಗೇರಿನ ಎರಡನೆಯ ಡಬ್ಬಿಯನ್ನು ಬಿಚ್ಚಿ ಕಟ್ಟಿದೆ. ಮುಂದಿನ ಅಚ್ಚಿನ ಡಬ್ಬಿಯನ್ನೂ ಬಿಚ್ಚಿದೆ. ಒಳಗಿನ ಹಲ್ಲುಗಳೆಲ್ಲ ನೆಟ್ಟಗಿದ್ದವು. ಲಿವರ್ ಹಾಕಿದಾಗ ಮುಂದಿನ ದಂಡ ತಿರುಗುತ್ತಿತ್ತು, ಗಾಲಿ ಮಾತ್ರ ಎಳೆಯುತ್ತಿರಲಿಲ್ಲ. ಹಜರತಬಿ, ದ್ಯಾಮಣ್ಣ ಇಬ್ಬರ ಗಾಡಿಗಳಲ್ಲೂ ನಾಲ್ಕು ಗಾಲಿ ಸದಾ ಎಳೆಯುತ್ತವೆ, ಹೀಗಾಗಿ ಇಂಥದ್ದನ್ನು ಅವರೂ ಕಂಡಿರಲಿಲ್ಲ. ಲೋಹದ ಪಂಚರು ಬರುವ ದಿನ ಹತ್ತಿರವಾಗಿತ್ತು.

ಪಂಚರು ಬರುವ ಹಿಂದಿನ ದಿನ ಮುಂಜಾನೆ ಕಳಕವ್ವ ಹಬ್ಬಕ್ಕೆ ಕಾಯದೆ ಜೀಪಿಗೆ ಪೂಜೆ ಮಾಡುತ್ತಿದ್ದಳು. ದಸರೆಯ ಖಂಡೇಪೂಜೆಗೆ ಪ್ರತಿವರ್ಷ ಗಾಲಿಗಳ ನಡುವೆ ವಿಭೂತಿ, ಕುಂಕುಮ ಹಚ್ಚಿ, ಗಾಳಿಗೆ ಹಾರದಂತೆ ಮೇಲೆ ಮೆರುಗೆಣ್ಣೆ ಬಳಿಯುವುದು ನಮ್ಮ ಮನೆಯ ಪದ್ಧತಿ. ಬೇರೆ ಮನೆಯವರಲ್ಲಿ ಇಲ್ಲ. ಹೊರಗಿನವರು ಅದನ್ನು ಮುಟ್ಟುವುದಿಲ್ಲ, ಅದರ ಮಾತೂ ಎತ್ತುವುದಿಲ್ಲ.

"ಈ ಮುಂದಿನವು ಯಾವಾಗ್ಲೂ ಎರಡ ಪಟ್ಟು ಕುಂಕುಮ ತಿಂತಾವ" ಎಂದು ಅವಳು ತನ್ನಷ್ಟಕ್ಕೇ ಗೊಣಗಿದಳು.

"ಯಾಕ?" ಎಂದೆ.

"ನಡಕ ಗಡಗಿ ಬೋರಲ ಹಾಕಿಧಂಗ ಉಬ್ಬ್ಯಾವಲ್ರಿ. ಹಿಂದಿನವು ಸಪಾಟ."

ನಾನು ಹೋಗಿ ಕೈಯಾಡಿಸಿದೆ. ನಿಜವಾಗಿತ್ತು. ಏನೂ ಕೆಲಸವಿಲ್ಲದೆ ಯಾರೂ ಲೋಹವನ್ನು ಉಬ್ಬಿಸುವುದಿಲ್ಲ.

ಮಹಾನಂದಾ, ಕೆರೆಯಲು ನನಗೆ ಮನಸ್ಸಿರಲಿಲ್ಲ. ಅದರೊಳಗೆ ನನ್ನ ತಾಯಿ ಹಚ್ಚಿದ ಪದರವಿತ್ತು, ಅವಳ ಅತ್ತೆಯದಿತ್ತು, ಎಲ್ಲಕ್ಕಿಂತ ಕೆಳಗೆ ನಿನ್ನದಿತ್ತು. ಬಳಗದವರು ಬಂದು ಸುತ್ತ ನಿಂತಿದ್ದರು. ಕೆರೆಯಿರಿ ಎಂದು ಒಬ್ಬರೂ ಹೇಳಲಿಲ್ಲ.

"ಅತ್ತಿ" ಎಂದಳು ಕಳಕವ್ವ, "ಕರಗುಮನ್ಯಾಗ ಹೋದ್ರ ಕುಂಕುಮಾನೂ ಸುಡತೈತಿ."

ಈಳಿಗೆ ತರಿಸಿದೆ. ಕೆಂಪು, ಬಿಳಿ, ಕೆಂಪು, ಬಿಳಿ ಎಂದು ಈರುಳ್ಳಿಯಂತೆ ಪದರಗಳು ಎದ್ದವು. ಕಳಕವ್ವ ಉಡಿಯಲ್ಲಿ ಹಿಡಿದುಕೊಂಡಳು. ಕೆಳಗೆ ಒಂದು ದಪ್ಪ ಬಳೆ ಕಂಡಿತು, ಎರಡು ಗುರುತುಗಳು, ನಡುವೆ ಬೆರಳಿನಿಂದ ಹಿಡಿಯುವ ಉಬ್ಬು. ಅದನ್ನು ಕೈಯಿಂದ ತಿರುವಿದರೆ ಮಾತ್ರ ಗಾಲಿಗೂ ಅಚ್ಚಿಗೂ ಕೊಂಡಿ ಬೀಳುತ್ತದೆ. ನಾವು ಹೊಟ್ಟೆಯೆಲ್ಲ ಬಿಚ್ಚಿ ನೋಡಿದ್ದೆವು, ಅದರ ಚಿಲಕ ಹೊರಗಿತ್ತು. ಬಳೆ ಅಲುಗಲಿಲ್ಲ. ಬಿಸಿ ಎಣ್ಣೆ ಹನಿಸಿದೆ, ಮರದ ಕೊಡತಿಯಿಂದ ಸುತ್ತ ತಟ್ಟಿದೆ, ಮತ್ತೆ ಎಣ್ಣೆ. ಹಜರತಬಿಯ ಕೈಗಳು ಕಂಕುಳಲ್ಲಿ ಮೀನಿನಂತೆ ಒದ್ದಾಡುತ್ತಿದ್ದವು.

"ಅಲ್ಲಾ, ನಾ ಊರಿಗೆಲ್ಲಾ ಭಜಿ ತಿನ್ನಸ್ತೀನಿ, ನನಗೊಮ್ಮೆ ಕೊಡ್ರಿ" ಎಂದಳು.

"ಸುಮ್ಮನ ಕುಂದರ" ಎಂದೆ. ಆಗಲೇ ಬಳೆ ತಿರುಗಿತು. ಸಂಜೆಯೊಳಗೆ ಇನ್ನೊಂದು ಮುಂದಿನ ಗಾಲಿಯದನ್ನೂ ಹಾಗೆಯೇ ತಿರುವಿದೆ.

ಮರುದಿನ ಪಂಚರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಗರಸಿನ ತಿರುವಿನಲ್ಲಿ ಹಿಂದಿನ ಗಾಲಿಗಳು ಎಂದಿನಂತೆ ಜಾರಿದವು. ನಾನು ಕಾಲನ್ನು ಸಡಿಲಿಸಲಿಲ್ಲ, ಹೆಚ್ಚಾಗಿ ಒತ್ತಲೂ ಇಲ್ಲ. ಮುಂದಿನ ಗಾಲಿಗಳು ಒಮ್ಮೆ ನಡುಗಿ ನೆಲ ಕಚ್ಚಿದವು, ಜೀಪು ಎತ್ತಿನಂತೆ ಕತ್ತು ಬಗ್ಗಿಸಿ ಮೇಲೆದ್ದಿತು. ನೆತ್ತಿಯಲ್ಲಿ ಗಾಳಿಗಿರಣಿಗಳ ಕೆಳಗೆ ನಿಲ್ಲಿಸಿದಾಗ ಪಂಚರಲ್ಲಿ ಹಿರಿಯರಾದವರು ಇಳಿದು, ಬಾನೆಟ್ಟಿನ ಮೇಲೆ ಉಳಿಕೆಯ ಮುದ್ರೆ ಒತ್ತಿದರು. ಆಮೇಲೆ ಸಂಕೋಚದಿಂದ, ಇನ್ನೊಮ್ಮೆ ಕೆಳಗಿನಿಂದ ಹತ್ತಿಸಬಹುದೇ ಎಂದು ಕೇಳಿದರು. ಅವರು ಅಂಥದ್ದರಲ್ಲಿ ಎಂದೂ ಕೂತಿರಲಿಲ್ಲವಂತೆ.

ಎರಡನೆಯ ಸಲ ಸ್ಟೀರಿಂಗ್ ಕಳಕವ್ವನಿಗೆ ಕೊಟ್ಟೆ. ದಾರಿಯುದ್ದಕ್ಕೂ ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಅರ್ಧ ಕೇಳಿದಳು, ಅರ್ಧ ಬಿಟ್ಟಳು, ಆದರೂ ಹತ್ತಿಸಿದಳು.

ಈಗ ನನ್ನ ಕೋರಿಕೆ. ಪೂಜೆ ಬಿಡಬೇಡ. ಕುಂಕುಮ ಎಷ್ಟು ಬೇಕಾದರೂ ಹಚ್ಚು. ಮೆರುಗೆಣ್ಣೆ ಮಾತ್ರ ಬೇಡ, ಗಾಳಿ ಹಾರಿಸಿಕೊಂಡು ಹೋದರೆ ಹೋಗಲಿ, ಮರುವರ್ಷ ಹಚ್ಚುವೆಯಂತೆ. ಹಾಗೆ ಮಾಡಿದರೆ ನಾನು ಕೆರೆದ ಪದರಗಳೇ ಇರುವುದಿಲ್ಲ ಎಂಬುದು ನನಗೂ ತಿಳಿಯುತ್ತದೆ. ಅವುಗಳ ಚೂರು ಕಳಕವ್ವನ ಪೆಟ್ಟಿಗೆಯಲ್ಲಿವೆ, ಈ ಪತ್ರ ನಿನಗೆ ಮುಟ್ಟಿದ ಮೇಲೆ ಉಳಿಯುತ್ತವೆಯೋ ಇಲ್ಲವೋ ನೋಡುತ್ತೇವೆ. ಮುಂಜಾನೆ ಅಂಗಳಕ್ಕೆ ಹೋಗು. ಮುಂದಿನ ಗಾಲಿಯ ಬಳೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುವು. ನಿನ್ನ ಕಾಲದಲ್ಲಿ ಅದು ಎರಡು ಬೆರಳಿಗೇ ತಿರುಗುತ್ತದೆ. ನಿನ್ನ ಮಗಳಿಗೂ ತಿರುವಲು ಹೇಳು. ಗಂಡ ಗೊಣಗಿದರೆ, ಇದು ನಮ್ಮ ಹಿರಿಯಳ ಅಪ್ಪಣೆ ಎಂದು ಹೇಳು.

ನಿನ್ನ ಮನೆಯ,
ತೋಂಟವ್ವ